ರ‍್ಯಾಮ್ ಏರಿಸಿದರೆ ಡೇಟಾಬೇಸ್ ಬೀಳುವುದು ನಿಲ್ಲುತ್ತಾ?

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ ಸರ್ವರ್‌ಗೆ 16 ಜಿಬಿ ರ‍್ಯಾಮ್ ಇದೆ. ಲಿನಕ್ಸ್ ಮೇಲೆ ಓಡುತ್ತಿದೆ. ತಿಂಗಳ ಕೊನೆಯಲ್ಲಿ ರಿಪೋರ್ಟ್ ತೆಗೆಯುವಾಗ ಡೇಟಾಬೇಸ್ ಇದ್ದಕ್ಕಿದ್ದಂತೆ ಬಿದ್ದು, ತಾನೇ ಮತ್ತೆ ಏಳುತ್ತದೆ. 'ಫ್ರೀ' ಕಮಾಂಡ್ ಕೊಟ್ಟರೆ ಯಾವಾಗಲೂ 300 ಎಂಬಿ ಮಾತ್ರ ಖಾಲಿ. 32 ಜಿಬಿ ಹಾಕಿಸಿದರೆ ಸರಿ ಹೋಗುತ್ತಾ?

ಉತ್ತರ: ಸ್ವಲ್ಪ ದಿನ ಸರಿ ಹೋಗಬಹುದು. ಆಮೇಲೆ ರಿಪೋರ್ಟ್ ತೆಗೆಯುವವರು ನಾಲ್ಕು ಜನ ಜಾಸ್ತಿಯಾದರೆ ಮತ್ತೆ ಅದೇ ಕಥೆ. ದುಡ್ಡು ಖರ್ಚು ಮಾಡುವ ಮೊದಲು ಮೆಮೊರಿ ಎಲ್ಲಿ ಹೋಗುತ್ತಿದೆ ಅಂತ ನೋಡಿ.

ಮೊದಲು ಆ 300 ಎಂಬಿ ಭಯ ಬಿಡಿ. ಲಿನಕ್ಸ್ ಮೆಮೊರಿಯನ್ನು ಸುಮ್ನೆ ಖಾಲಿ ಇಟ್ಟುಕೊಳ್ಳುವುದಿಲ್ಲ. ಡಿಸ್ಕಿನಿಂದ ಓದಿದ್ದನ್ನೆಲ್ಲ ಅದರಲ್ಲಿ ತುಂಬಿಡುತ್ತದೆ, ಬೇರೆ ಯಾರಾದರೂ ಕೇಳಿದಾಗ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದ್ದು ಕೊನೆಯ ಕಾಲಂ, 'ಅವೈಲಬಲ್'. ಹಾಗಂತ 'ಬಫ್/ಕ್ಯಾಶ್' ಕಾಲಂನಲ್ಲಿ ದೊಡ್ಡ ಅಂಕಿ ಕಂಡು ಖುಷಿಪಡಬೇಡಿ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ (ಅದರ ಎಲ್ಲ ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ಸಾಮಾನ್ಯವಾಗಿ ಅಲ್ಲೇ ಸೇರಿಕೊಂಡಿರುತ್ತದೆ, ಅದನ್ನು ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. 'ಟಾಪ್' ಕಮಾಂಡ್ ಕೂಡ ದಾರಿ ತಪ್ಪಿಸುತ್ತದೆ. ಪ್ರತಿ ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಲೆಕ್ಕದಲ್ಲೂ ಈ ಹಂಚಿಕೊಂಡ ಜಾಗವನ್ನು ಮತ್ತೆ ಮತ್ತೆ ಎಣಿಸುತ್ತದೆ. ಎಲ್ಲವನ್ನೂ ಕೂಡಿಸಿದರೆ ಮಷೀನ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ರ‍್ಯಾಮ್ ಬರುತ್ತದೆ!

ಇನ್ನು, ಡೇಟಾಬೇಸ್ ಬಿದ್ದದ್ದು ಹೇಗೆ? ಪೋಸ್ಟ್‌ಗ್ರೆಸ್ ಲಾಗ್ ತೆಗೆಯಿರಿ. 'ಔಟ್ ಆಫ್ ಮೆಮೊರಿ' ಎಂಬ ಎರರ್ ಮಾತ್ರ ಇದ್ದರೆ, ಮೆಮೊರಿ ಕೇಳಿ ಸಿಗದೆ ಆ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ) ಸೋತಿದೆ ಅಷ್ಟೇ. ಉಳಿದವರ ಕೆಲಸ ನಡೆಯುತ್ತಿರುತ್ತದೆ. ಆದರೆ 'ಟರ್ಮಿನೇಟೆಡ್ ಬೈ ಸಿಗ್ನಲ್ 9: ಕಿಲ್ಡ್' ಎಂಬ ಸಾಲು ಕಂಡರೆ ಕಥೆ ಬೇರೆ. ಮೆಮೊರಿ ಪೂರ್ತಿ ಮುಗಿದು ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ತಾನೇ ಒಂದು ಪ್ರೋಸೆಸ್ ಕೊಂದಿರುವ ಸಾಧ್ಯತೆ ಜಾಸ್ತಿ. ಅದೇ ಸಮಯದ ಕರ್ನಲ್ ಲಾಗ್‌ನಲ್ಲಿ ಯಾರನ್ನು ಕೊಂದಿತು, ಅದು ಎಷ್ಟು ಮೆಮೊರಿ ಹಿಡಿದಿತ್ತು ಎಂಬುದೂ ಸಿಗುತ್ತದೆ. ಒಂದೇ ಪ್ರೋಸೆಸ್ ಸತ್ತರೂ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಎಲ್ಲ ಕನೆಕ್ಷನ್‌ಗಳನ್ನೂ ಕಡಿದು, ರಿಕವರಿ ಮಾಡಿಕೊಂಡು ಏಳುತ್ತದೆ. ನೀವು ಹೇಳಿದ ಲಕ್ಷಣ ಇದೇ. (ಕ್ವೆರಿ ಸಿಕ್ಕಿಹಾಕಿಕೊಂಡಿತು ಅಂತ 'ಕಿಲ್ -9' ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದರ ಫಲವೂ ಇದೇ.)

ರಿಪೋರ್ಟ್ ದಿನ ಮಾತ್ರ ಬೀಳುತ್ತಿದೆ ಅಂದರೆ ನನ್ನ ಮೊದಲ ಅನುಮಾನ 'ವರ್ಕ್ ಮೆಮ್' ಸೆಟ್ಟಿಂಗ್ ಮೇಲೆ. ಡಿಫಾಲ್ಟ್ ಆಗಿ ಅದು ಬರೀ 4 ಎಂಬಿ. ರಿಪೋರ್ಟ್ ನಿಧಾನ ಅಂತ ಯಾರೋ ಅದನ್ನು 256 ಎಂಬಿ ಮಾಡಿರುತ್ತಾರೆ. ಇದು ಇಡೀ ಸರ್ವರ್‌ಗೆ ಹಾಕಿದ ಮಿತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಒಂದು ಕನೆಕ್ಷನ್‌ಗೆ ಹಾಕಿದ ಮಿತಿಯೂ ಅಲ್ಲ. ಒಂದು ಕ್ವೆರಿಯ ಒಳಗೆ ನಡೆಯುವ ಒಂದೊಂದು ಸಾರ್ಟ್‌ಗೆ (ಸಾಲುಗಳನ್ನು ಕ್ರಮವಾಗಿ ಜೋಡಿಸುವುದು), ಒಂದೊಂದು ಹ್ಯಾಶ್‌ಗೆ (ಹೊಂದುವ ಸಾಲು ಬೇಗ ಹುಡುಕಲು ಮಾಡುವ ಪಟ್ಟಿ) ಇರುವ ಮಿತಿ. ಲೆಕ್ಕ ಹಾಕಿ ನೋಡಿ. ಒಂದು ರಿಪೋರ್ಟ್‌ನಲ್ಲಿ ಇಂಥ ಮೂರು ಕೆಲಸ. ಪ್ಯಾರಲಲ್ ಆಗಿ ಓಡಿದರೆ ಡಿಫಾಲ್ಟ್‌ನಲ್ಲಿ ಇಬ್ಬರು ವರ್ಕರ್ (ಸಹಾಯಕ ಪ್ರೋಸೆಸ್) ಮತ್ತು ಮುಖ್ಯ ಪ್ರೋಸೆಸ್, ಒಟ್ಟು ಮೂರು. 256 ಎಂಬಿಯನ್ನು ಮೂರರಿಂದ, ಮತ್ತೆ ಮೂರರಿಂದ ಗುಣಿಸಿದರೆ ಒಂದೇ ಕ್ವೆರಿಗೆ 2.25 ಜಿಬಿ. ಆರು ಜನ ಒಟ್ಟಿಗೆ ಬಟನ್ ಒತ್ತಿ, ಎಲ್ಲರಿಗೂ ಇಬ್ಬಿಬ್ಬರು ವರ್ಕರ್ ಸಿಕ್ಕರೆ 13.5 ಜಿಬಿ. ಶೇರ್ಡ್ ಬಫರ್ಸ್‌ಗೆ 4 ಜಿಬಿ ಸೇರಿಸಿ. ನಿಮ್ಮ 16 ಜಿಬಿ ಮುಗಿಯಿತು! ಎಲ್ಲ ಕ್ವೆರಿಯೂ ಪೂರ್ತಿ ಮಿತಿಯವರೆಗೆ ಹೋಗುವುದಿಲ್ಲ, ನಿಜ. ಆದರೆ 15ನೇ ಆವೃತ್ತಿಯಿಂದ ಹ್ಯಾಶ್‌ಗೆ ಈ ಮಿತಿಯ ಎರಡು ಪಟ್ಟು ಬಳಸಲು ಬಿಡುವುದೇ ಡಿಫಾಲ್ಟ್.

ಪರಿಹಾರ ಸುಲಭ. ಎಲ್ಲರಿಗೂ ಅನ್ವಯಿಸುವ ವರ್ಕ್ ಮೆಮ್ 8 ಅಥವಾ 16 ಎಂಬಿ ಇದ್ದರೆ ಸಾಕು. ರಿಪೋರ್ಟ್‌ಗೆ ಬೇರೆ ಯೂಸರ್ ಮಾಡಿ, ಆ ಯೂಸರ್‌ಗೆ ಮಾತ್ರ ಜಾಸ್ತಿ ಕೊಡಿ, ಏಕಕಾಲಕ್ಕೆ ಎರಡು ಮೂರು ಕನೆಕ್ಷನ್‌ಗಿಂತ ಹೆಚ್ಚು ಬಿಡಬೇಡಿ. ಮಿತಿ ಕಡಿಮೆಯಾದರೆ ದೊಡ್ಡ ಸಾರ್ಟ್ ಡಿಸ್ಕಿಗೆ ಹೋಗುತ್ತದೆ, ರಿಪೋರ್ಟ್ ನಿಧಾನವಾಗುತ್ತದೆ. ಆದರೆ ಬೇರೆಯವರ ಕೆಲಸ ನಿಲ್ಲುವುದಿಲ್ಲ, ಅಲ್ವಾ? ಎಷ್ಟು ಡಿಸ್ಕಿಗೆ ಹೋಗುತ್ತಿದೆ ಎಂದು ತಿಳಿಯಲು 'ಲಾಗ್ ಟೆಂಪ್ ಫೈಲ್ಸ್' ಆನ್ ಮಾಡಿ.

ಎರಡನೆಯ ಅನುಮಾನ ಕನೆಕ್ಷನ್‌ಗಳ ಮೇಲೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಪ್ರತ್ಯೇಕ ಪ್ರೋಸೆಸ್. ಸುಮ್ನೆ ಕೂತಿದ್ದರೂ ಅದು ಮೆಮೊರಿ ಹಿಡಿದಿರುತ್ತದೆ. ಇಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಖರ್ಚಿದೆ: ಪೇಜ್ ಟೇಬಲ್, ಅಂದರೆ ಮೆಮೊರಿಯ ಯಾವ ಪುಟ ಎಲ್ಲಿದೆ ಎಂದು ಪ್ರತಿ ಪ್ರೋಸೆಸ್‌ಗೂ ಇರುವ ಪಟ್ಟಿ. 4 ಕೆಬಿ ಪುಟಗಳಲ್ಲಿ 4 ಜಿಬಿ ಶೇರ್ಡ್ ಬಫರ್ಸ್ ಇದ್ದರೆ ಹತ್ತು ಲಕ್ಷಕ್ಕೂ ಹೆಚ್ಚು ಪುಟ, ಪುಟಕ್ಕೆ 8 ಬೈಟ್. ಹಳೆಯ ಕನೆಕ್ಷನ್ ಎಲ್ಲ ಪುಟಗಳನ್ನೂ ಮುಟ್ಟಿದ್ದರೆ ಅದೊಂದಕ್ಕೇ 8 ಎಂಬಿ. 300 ಕನೆಕ್ಷನ್ ಇದ್ದರೆ 2.4 ಜಿಬಿ ಹೀಗೇ ಹೋಯಿತು. ಕರ್ನಲ್‌ನ ಮೆಮ್‌ಇನ್ಫೋ ಫೈಲ್‌ನಲ್ಲಿ 'ಪೇಜ್‌ಟೇಬಲ್ಸ್' ಸಾಲು ನೋಡಿದರೆ ಗೊತ್ತಾಗುತ್ತದೆ. ಅದು ಜಾಸ್ತಿ ಇದ್ದರೆ 2 ಎಂಬಿಯ ಹ್ಯೂಜ್ ಪೇಜ್ ಬಳಸಿ, ಡೇಟಾಬೇಸ್‌ನ ಮುಂದೆ ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಪ್ರೋಗ್ರಾಂ) ಇಡಿ. ಇಷ್ಟೆಲ್ಲ ಮಾಡಿದ ಮೇಲೂ ಅವೈಲಬಲ್ ತಳ ಮುಟ್ಟುತ್ತಿದ್ದರೆ ಆಗ ರ‍್ಯಾಮ್ ಕೊಳ್ಳಿ. ಕೇಳಲು ಲೆಕ್ಕವೂ ಕೈಯಲ್ಲಿರುತ್ತದೆ.

ಕೊನೆಗೆ ಕರ್ನಲ್ ವಿಷಯ. ಲಿನಕ್ಸ್ ತನ್ನಲ್ಲಿ ಇರುವುದಕ್ಕಿಂತ ಜಾಸ್ತಿ ಮೆಮೊರಿ ಕೊಡುತ್ತೇನೆ ಅಂತ ಒಪ್ಪಿಕೊಳ್ಳುತ್ತದೆ. ಎಲ್ಲರೂ ಬರುವುದಿಲ್ಲ ಅಂತ 200 ಎಲೆ ತರಿಸಿ 300 ಜನರನ್ನು ಊಟಕ್ಕೆ ಕರೆದ ಹಾಗೆ. ಡೇಟಾಬೇಸ್‌ಗೆಂದೇ ಇಟ್ಟ ಮಷೀನ್‌ನಲ್ಲಿ ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗ್ 2ಕ್ಕೆ ಇಡುವುದು ಒಳ್ಳೆಯದು. ಆಗ ಕರ್ನಲ್ ಮೊದಲೇ 'ಇಲ್ಲ' ಅನ್ನುತ್ತದೆ, ಒಂದು ಕ್ವೆರಿ ಎರರ್ ಕೊಟ್ಟು ನಿಲ್ಲುತ್ತದೆ, ಡೇಟಾಬೇಸ್ ಬೀಳುವ ಸಂಭವ ತುಂಬಾ ಕಡಿಮೆ. ಆದರೆ 2 ಅಂತ ಬರೆದು ಎದ್ದು ಹೋಗಬೇಡಿ. ಜೊತೆಗಿರುವ ಓವರ್‌ಕಮಿಟ್ ರೇಶಿಯೋ ಡಿಫಾಲ್ಟ್‌ನಲ್ಲಿ 50, ಅಂದರೆ ರ‍್ಯಾಮ್‌ನ ಶೇಕಡಾ 50. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಲ್ಲದ 16 ಜಿಬಿ ಮಷೀನ್‌ನಲ್ಲಿ ಅದು ಸುಮಾರು 8 ಜಿಬಿ ಮಾತ್ರ ಕೊಡುತ್ತದೆ, ಉಳಿದರ್ಧ ಇದ್ದರೂ ಎರರ್ ಬರುತ್ತಿರುತ್ತದೆ. 80ರ ಹತ್ತಿರ ಇಟ್ಟು, ಎರಡು ಮೂರು ಜಿಬಿ ಸ್ವಾಪ್ ಸೇರಿಸಿ, ಮುಂದಿನ ರಿಪೋರ್ಟ್ ದಿನಕ್ಕೆ ಮೊದಲು ಟೆಸ್ಟ್ ಸರ್ವರ್‌ನಲ್ಲಿ ಒಮ್ಮೆ ಓಡಿಸಿ ನೋಡಿ.