ಚಾವಣಿ ಕಾಣುತ್ತದೆ, ಊರಿನ ಹೆಸರು ಕಾಣುವುದಿಲ್ಲ

2010ರ ಜನವರಿ 12ರ ಸಂಜೆ ಹೈಟಿ ದೇಶದಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ಕುಸಿದುಬಿತ್ತು. ಬೇರೆ ದೇಶಗಳಿಂದ ರಕ್ಷಣಾ ತಂಡಗಳು ಹೊರಟವು. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆ ತೆರೆದರೆ ಆ ಊರಲ್ಲಿ ಕೆಲವು ದೊಡ್ಡ ರಸ್ತೆಗಳಷ್ಟೇ ಇದ್ದವು. ಗಲ್ಲಿಗಳೇ ಇರಲಿಲ್ಲ.

ಇದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಉಪಗ್ರಹ ಕಂಪನಿಗಳು ಹೊಸ ಚಿತ್ರಗಳನ್ನು ಕೊಟ್ಟವು. ಜಗತ್ತಿನ ನಾನಾ ಕಡೆ ನೂರಾರು ಜನ ಮನೆಯಲ್ಲೇ ಕೂತು ನಕ್ಷೆ ಬಿಡಿಸತೊಡಗಿದರು. ಕೆಲಸ ಸರಳ, ನಾನೂ ಮಾಡಿ ನೋಡಿದ್ದೇನೆ. ಚಿತ್ರವನ್ನು ದೊಡ್ಡದು ಮಾಡಿ ಚಾವಣಿಯ ನಾಲ್ಕು ಮೂಲೆಗೂ ಒಂದೊಂದು ಕ್ಲಿಕ್. ದಾರಿ ತಿರುಗಿದಲ್ಲೆಲ್ಲ ಇನ್ನೊಂದು. ಪ್ರತಿ ಚುಕ್ಕಿಗೂ ಅಕ್ಷಾಂಶ, ರೇಖಾಂಶ ಇರುತ್ತದೆ. ಹಾಗಾಗಿ ರಕ್ಷಣಾ ತಂಡದವರ ಕೈಯಲ್ಲಿರುವ ಜಿಪಿಎಸ್‌ಗೆ ಅದು ಹಾಗೇ ಅರ್ಥವಾಗುತ್ತದೆ. ಕೆಲವೇ ದಿನಗಳಲ್ಲಿ ಗಲ್ಲಿಗಳು, ನಿರಾಶ್ರಿತರ ಶಿಬಿರಗಳು ನಕ್ಷೆಗೆ ಬಂದವು.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಮುಂದಿನ ಸಂಗತಿ. ಸಹಾಯ ಬೇಕಾದವರು 4636 ಎಂಬ ಸಂಖ್ಯೆಗೆ ಎಸ್‌ಎಂಎಸ್ ಕಳಿಸಬಹುದಿತ್ತು. ಸಂದೇಶಗಳು ಬರುತ್ತಿದ್ದುದು ಹೆಚ್ಚಾಗಿ ಹೈಟಿಯ ಕ್ರಿಯೋಲ್ ಭಾಷೆಯಲ್ಲಿ. ಅವುಗಳಲ್ಲಿರುವ ಜಾಗ ಯಾವುದು ಅಂತ ಉಪಗ್ರಹ ಹೇಳಲಾರದು. ಹೊರದೇಶಗಳಲ್ಲಿದ್ದ ಹೈಟಿಯವರೇ ಅವನ್ನು ಅನುವಾದಿಸಿ, ತಾವು ಓಡಾಡಿದ ಬೀದಿಗಳನ್ನು ನೆನಪು ಮಾಡಿಕೊಂಡು ಜಾಗ ಗುರುತಿಸಿಕೊಟ್ಟರು.

ನಮ್ಮಲ್ಲೂ ಹಾಗೇ ಅಲ್ವಾ? 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದವು. ಅಲ್ಲಿ ಮನೆಗಳು ತೋಟದೊಳಗೆ ದೂರ ದೂರ. ಮರಗಳ ಕೆಳಗಿನ ಕಾಲುದಾರಿ ಆಕಾಶದಿಂದ ಕಾಣುವುದೇ ಇಲ್ಲ. ಮಳೆಗಾಲದ ಮೋಡ ಬೇರೆ. ಮೋಡದಾಚೆಗೂ ನೋಡಬಲ್ಲ ರೇಡಾರ್ ಉಪಗ್ರಹಗಳಿವೆ ನಿಜ, ಆದರೆ ಅವಕ್ಕೂ ಊರಿನವರು ಕರೆಯುವ ಹೆಸರು ಗೊತ್ತಿಲ್ಲ.

ಆದ್ದರಿಂದ ಈ ಕೆಲಸ ಮಳೆಗೆ ಮುಂಚೆಯೇ, ಊರಿನವರಿಂದಲೇ ಆಗಬೇಕು. ಹಳ್ಳ ಉಕ್ಕಿದರೆ ಯಾವ ದಾರಿ ಮುಚ್ಚುತ್ತದೆ? ಯಾವ ಮನೆಯಲ್ಲಿ ನಡೆಯಲಾಗದ ಅಜ್ಜಿ ಇದ್ದಾರೆ? ಅಜ್ಜಿಯ ವಿಷಯ ಪಂಚಾಯಿತಿಯವರ ಹತ್ತಿರವೇ ಇರಬೇಕಾದ ಮಾಹಿತಿ, ಎಲ್ಲರಿಗೂ ಕಾಣುವ ನಕ್ಷೆಗೆ ಹಾಕುವಂಥದ್ದಲ್ಲ. ಆದರೆ ಸೇತುವೆಯ ಅಗಲವನ್ನು ಧಾರಾಳವಾಗಿ ಹಾಕಬಹುದು. ಮೇಲಿನಿಂದ ನೋಡಿದರೆ ಕಾಲುಸಂಕವೂ ಸೇತುವೆಯ ಹಾಗೇ ಕಾಣುತ್ತದೆ. ಅದರ ಮೇಲೆ ಜೀಪು ಹೋಗುವುದಿಲ್ಲ ಅಂತ ಗೊತ್ತಿರುವುದು ದಿನಾ ಅದನ್ನು ದಾಟುವವರಿಗೆ.