ಎಸ್‌ಆರ್‌ಎ ಲೆಕ್ಕ: ಪುಕ್ಕಟೆ ಫ್ಲ್ಯಾಟಿನ ದುಡ್ಡು ಎಲ್ಲಿಂದ ಬರುತ್ತದೆ?

ಮುಂಬೈನ ಸ್ಲಂ ಪುನರ್ವಸತಿ ಯೋಜನೆಯನ್ನು ಎಲ್ಲರೂ ಎಸ್‌ಆರ್‌ಎ ಅಂತಲೇ ಕರೆಯುತ್ತಾರೆ. ಅದನ್ನು ಓದುವಾಗ ಎರಡು ದಿನ ಒಂದೇ ಪುಟದಲ್ಲಿ ಒದ್ದಾಡಿದೆ. ಈಗಷ್ಟೇ ತಲೆಗೆ ಹೋಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ ಬೇಗ ಮುಗಿಸೋಣ. 1995ರ ಅಫ್ಜಲ್‌ಪುರ್ಕರ್ ಸಮಿತಿಯ ವರದಿಯಿಂದ ಹುಟ್ಟಿದ ಯೋಜನೆ ಇದು. ಕಟ್-ಆಫ್ ದಿನಾಂಕಕ್ಕೆ ಮುಂಚಿನಿಂದ ಇದ್ದವರಿಗೆ ಫ್ಲ್ಯಾಟ್ ಪುಕ್ಕಟೆ. ಆ ದಿನಾಂಕ ಮೊದಲು 1995ರ ಜನವರಿ 1 ಇತ್ತು, ಆಮೇಲೆ 2000ಕ್ಕೆ ಸರಿಯಿತು. ಫ್ಲ್ಯಾಟಿನ ಅಳತೆ 225 ಚದರ ಅಡಿಯಿಂದ 269ಕ್ಕೆ, ಮುಂದೆ 300ಕ್ಕೆ ಏರಿತು. ಕಟ್ಟುವುದು ಬಿಲ್ಡರ್. ಸರ್ಕಾರ ದುಡ್ಡು ಕೊಡುವುದಿಲ್ಲ. ಬದಲಿಗೆ ಇನ್ನಷ್ಟು ಕಟ್ಟಿ ಮಾರುವ ಹಕ್ಕು ಕೊಡುತ್ತದೆ.

ಆ ಹಕ್ಕನ್ನು ಅಳೆಯುವುದು ಎಫ್‌ಎಸ್‌ಐಯಲ್ಲಿ, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕದಲ್ಲಿ. ನಮ್ಮ ಕಡೆ ಎಫ್‌ಎಆರ್ ಅನ್ನುತ್ತಾರೆ, ಎರಡೂ ಒಂದೇ. 1,000 ಚದರ ಮೀಟರ್ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 2,500 ಚದರ ಮೀಟರ್ ಕಟ್ಟಿದರೆ ಎಫ್‌ಎಸ್‌ಐ 2.5. ಎಷ್ಟು ಮಹಡಿ ಅನ್ನುವುದು ಬೇರೆ ಪ್ರಶ್ನೆ.

ಈಗ ನಾನು ಎಡವಿದ ಜಾಗ. ಮುಂಬೈನ 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲಿ ಈ ಯೋಜನೆಗಿದ್ದ ನಿಯಮ 33(10). ಅದರಲ್ಲಿ ಒಂದು ಅನುಪಾತ ಇತ್ತು. ಸ್ಲಂನವರಿಗೆ 1 ಚದರ ಮೀಟರ್ ಕಟ್ಟಿಕೊಟ್ಟರೆ ದಕ್ಷಿಣದ ಹಳೆ ನಗರದಲ್ಲಿ 0.75, ಉಪನಗರದಲ್ಲಿ 1, ಧಾರಾವಿಯಂಥ ಕಷ್ಟದ ಜಾಗದಲ್ಲಿ 1.33 ಚದರ ಮೀಟರ್ ಮಾರಾಟಕ್ಕೆ ಸಿಗುತ್ತಿತ್ತು. ಇದು ಉಲ್ಟಾ ಅಚ್ಚಾಗಿದೆ ಅಂದುಕೊಂಡೆ! ದುಬಾರಿ ಜಾಗಕ್ಕೇ ಜಾಸ್ತಿ ಕೊಡಬೇಕಲ್ವಾ?

ಸುಮ್ನೆ ಒಂದು ಆಟದ ಲೆಕ್ಕ ಹಾಕಿ ನೋಡಿದೆ. ಎಲ್ಲ ಕಡೆ ಕಟ್ಟುವ ಖರ್ಚು ಚದರ ಮೀಟರಿಗೆ 1 ಅಂತಿಟ್ಟುಕೊಳ್ಳಿ. ಸ್ಲಂನವರಿಗೆ 100 ಚದರ ಮೀಟರ್ ಕಟ್ಟಬೇಕು, ಖರ್ಚು 100. ಮಾರುವ ಬೆಲೆ 2 ಇದ್ದರೆ ಇನ್ನೂ 100 ಕಟ್ಟಿ ಮಾರಬೇಕು. ಒಟ್ಟು ಖರ್ಚು 200, ಬರುವುದೂ 200. ಬೆಲೆ 3 ಇರುವ ಜಾಗದಲ್ಲಿ ಬರೀ 50 ಸಾಕು. ಖರ್ಚು 150, ಬರುವುದು 150. ಅಂದರೆ ಬೆಲೆ ಏರಿದಷ್ಟೂ ಕಡಿಮೆ ಕೊಟ್ಟರೆ ಸಾಲುತ್ತದೆ. ಬಿಲ್ಡರ್ ಲಾಭ ಈ ಲೆಕ್ಕದಲ್ಲಿಲ್ಲ, ಅದು ಇದರ ಮೇಲೆ ಬೇರೆ.

ಇನ್ನೊಂದು ಹೆಜ್ಜೆ ಹೋಗಿ. ಬೆಲೆ 1.25 ಮಾತ್ರ ಇದ್ದರೆ? 400 ಕಟ್ಟಿ ಮಾರಬೇಕು. ಖರ್ಚು 500, ಬರುವುದು 500. ಅಷ್ಟನ್ನು ಆ ಸೈಟಿನಲ್ಲಿ ಎಲ್ಲಿ ಕಟ್ಟುತ್ತೀರಿ? ಅಗ್ಗದ ಜಾಗಕ್ಕೆ ಬಿಲ್ಡರ್ ತಲೆ ಹಾಕದಿರುವುದು ಇದಕ್ಕೇ. ಈ ಯೋಜನೆಯನ್ನು ಹಾಗೇ ಎತ್ತಿ ಸಣ್ಣ ಊರಿಗೆ ಇಟ್ಟರೆ ನಡೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಮುಖ್ಯವಾದದ್ದು ಇದೇ.

ಸೈಟಿನಲ್ಲಿ ಹಿಡಿಸದೆ ಉಳಿದ ಹಕ್ಕೇ ಟಿಡಿಆರ್, ಅಂದರೆ ಬೇರೆಯವರಿಗೆ ಮಾರಬಹುದಾದ ಕಟ್ಟುವ ಹಕ್ಕು. 1,000 ಚದರ ಮೀಟರ್ ಸೈಟು, ಸ್ಲಂನವರಿಗೆ 1,500, ಮಾರಾಟಕ್ಕೆ 1,500 ಅಂದುಕೊಳ್ಳಿ. ಆಗಿನ ಮಿತಿ 2.5. ಹಾಗಾಗಿ 500 ಚದರ ಮೀಟರ್ ಸೈಟು ಬಿಟ್ಟು ಕಾಗದವಾಗಿ ಹೊರಡುತ್ತದೆ. ಅದನ್ನು ಕೊಂಡವರು ಬೇರೆ ಕಡೆ ತಮ್ಮ ಕಟ್ಟಡಕ್ಕೆ ಸೇರಿಸಿಕೊಳ್ಳುತ್ತಾರೆ.

ಜಗಳ ಇರುವುದೂ ಇದೇ ಲೆಕ್ಕದಲ್ಲಿ. ಹೆಚ್ಚು ಕುಟುಂಬ ಅಂದರೆ ಹೆಚ್ಚು ಮಾರಾಟದ ಹಕ್ಕು. ಹಾಗಾಗಿ ಪುನರ್ವಸತಿ ಕಟ್ಟಡಗಳನ್ನು ಸೈಟಿನ ಒಂದು ಮೂಲೆಗೆ ಒತ್ತೊತ್ತಾಗಿ ನಿಲ್ಲಿಸಿ, ಉಳಿದ ನೆಲವನ್ನು ಮಾರಾಟಕ್ಕೆ ಬಿಡಿಸಿಕೊಳ್ಳುವುದೇ ಲಾಭ. ಗಾಳಿ ಬೆಳಕಿನ ದೂರೆಲ್ಲ ಅಲ್ಲಿಂದಲೇ. ನಿವಾಸಿಗಳ ಒಪ್ಪಿಗೆ ಮೊದಲು 70% ಬೇಕಿತ್ತು, ಆಮೇಲೆ 51% ಸಾಕು ಅಂದರು. ಇದು ವೇಗಕ್ಕೋ ಬಿಲ್ಡರ್ ಅನುಕೂಲಕ್ಕೋ ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾನು ಎರಡನೆಯದರ ಪರವಾಗಿ ಬರೆಯುತ್ತೇನೆ.

ಕೊನೆಗೆ ಓಲ್ಗಾ ಟೆಲ್ಲಿಸ್ ಪ್ರಕರಣ, 1985. ಮುಂಬೈನ ಫುಟ್‌ಪಾತ್ ಮತ್ತು ಸ್ಲಂ ವಾಸಿಗಳ ತೆರವನ್ನು ಪ್ರಶ್ನಿಸಿದ ಕೇಸು ಅದು. ಫುಟ್‌ಪಾತ್ ವಾಸಿಗಳು ಗೆದ್ದರು ಅಂತ ಬರೆದುಕೊಂಡಿದ್ದೆ, ಅದು ಅರ್ಧ ಸತ್ಯ. ಜೀವನೋಪಾಯವೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು, ನಿಜ. ಆದರೆ ತೆರವು ಮಾಡಬಾರದು ಅನ್ನಲಿಲ್ಲ. ಬದಲಿ ಜಾಗ ಸಿಗಬೇಕಾದದ್ದು 1976ರ ಗಣತಿಯ ಕಾರ್ಡ್ ಇದ್ದವರಿಗೆ, ಅದನ್ನೂ ತೆರವಿಗೆ ಮುಂಚಿನ ಷರತ್ತು ಮಾಡಲಿಲ್ಲ. ಕಟ್-ಆಫ್ ದಿನಾಂಕದ ವಾಸನೆ ಆಗಲೇ ಇದೆ ನೋಡಿ. ಉಳಿದಂತೆ ಸಿಕ್ಕಿದ್ದು ಮಳೆಗಾಲ ಕಳೆಯುವ ತನಕದ ಸಮಯ, ಅಕ್ಟೋಬರ್ 31ರವರೆಗೆ.