ಗದ್ದೆ ನೋಟದ ವಿಲ್ಲಾ ಬೇಕು ಅಂದೋರಿಗೆ

ವಾರಕ್ಕೆ ಒಂದೆರಡು ಫೋನ್ ಗ್ಯಾರಂಟಿ ಬರತ್ತೆ. ಬೆಂಗಳೂರಿಂದಲೇ ಜಾಸ್ತಿ. 2024ರ ಮಾರ್ಚಲ್ಲಿ ಬೆಂಗಳೂರಿಂದ ಬಾಲಿಯ ಡೆನ್ಪಸಾರ್‌ಗೆ ನೇರ ಇಂಡಿಗೋ ವಿಮಾನ ಶುರುವಾದ್ಮೇಲಂತೂ ಕೇಳೋದೇ ಬೇಡ, ನಾಲ್ಕು ದಿನ ಬಾಲಿ ಸುತ್ಕೊಂಡು ಹೋದೋರೆಲ್ಲ ಐದನೇ ದಿನ ನನಗೆ ಫೋನ್ ಮಾಡ್ತಾರೆ. "ಸಾರ್, ಗದ್ದೆ ಮಧ್ಯೆ ಒಂದು ಹತ್ತು ಗುಂಟೆ ಸಿಗತ್ತಾ, ವಿಲ್ಲಾ ಕಟ್ಟಿ ಏರ್‌ಬಿಎನ್‌ಬಿಗೆ ಬಿಟ್ಬಿಡೋಣ ಅಂತ." ನಾನು ಸಿವಿಲ್ ಎಂಜಿನಿಯರ್, ಜಮೀನಿಗೆ ಬೆಲೆ ಕಟ್ಟೋದು, ಕಾಗದ ಪತ್ರ ಸರಿ ಇದೆಯಾ ನೋಡಿ ಹೇಳೋದು ನನ್ನ ಹೊಟ್ಟೆಪಾಡು. ಹುಟ್ಟಿದ್ದು ಹೊಸನಗರದ ಕಡೆ ಗದ್ದೆ ಮನೇಲಿ, ಒಂಬತ್ತು ವರ್ಷದಿಂದ ಇರೋದು ಬಾಲಿಯ ತಬಾನಾನ್ ಜಿಲ್ಲೇಲಿ. ಈ ಜಿಲ್ಲೆಗೆ ಇಲ್ಲಿನೋರು ದ್ವೀಪದ ಭತ್ತದ ಕಣಜ ಅಂತಾರೆ.

ಗುಂಟೆ ಅಂದಿದ್ದು ಸರಿಯಾಗೇ ಇದೆ ಬಿಡಿ. ಇಲ್ಲಿ ಜಮೀನು ಅಳೆಯೋದು ಆರೆ ಲೆಕ್ಕದಲ್ಲಿ, ಒಂದು ಆರೆ ಅಂದ್ರೆ 100 ಚದರ ಮೀಟರ್, ನಮ್ಮ ಗುಂಟೆ 101 ಚದರ ಮೀಟರ್ ಚಿಲ್ಲರೆ. ಹೆಚ್ಚುಕಮ್ಮಿ ಒಂದೇ. ಲೆಕ್ಕ ಸುಲಭ ಅಂತ ನಮ್ಮೋರಿಗೆ ಉಳಿದಿದ್ದೂ ಸುಲಭ ಅನ್ಸಿಬಿಡತ್ತೆ.

ಹೋದ ವರ್ಷ ಒಬ್ರು ಬಂದಿದ್ರು, ಸಾಫ್ಟ್‌ವೇರ್ ಕೆಲಸ, ಒಳ್ಳೆ ಮನುಷ್ಯ. ಬತುಕಾರು ಬೆಟ್ಟದ ಇಳಿಜಾರಲ್ಲಿ, ಮೆಟ್ಟಿಲು ಗದ್ದೆಗೆ ಹೆಸರಾದ ಜಾತಿಲುವಿಹ್‌ನಿಂದ ತುಂಬ ದೂರ ಏನಿಲ್ಲ, ಒಂದು ಹಳ್ಳೀಲಿ ಎಂಟು ಆರೆ ಜಾಗವನ್ನ ಬ್ರೋಕರ್ ತೋರಿಸಿದ್ದ. ಜಾಗ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಬೇಕು, ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯೋ ಗದ್ದೆ, ನಾಟಿ ಮಾಡಿ ಹದಿನೈದು ದಿನ ಆಗಿತ್ತೇನೋ, ನೀರಲ್ಲಿ ಮೋಡ ಕಾಣ್ತಿತ್ತು. ಆದ್ರೆ ಜಾಗದ ನಟ್ಟನಡುವೆ ಒಂದು ಮೊಳ ಅಗಲದ ಕಾಲುವೆ ಹರೀತಿತ್ತು. ಇವ್ರು ಅದನ್ನ ನೋಡಿ, "ಇದಕ್ಕೊಂದು ಪೈಪ್ ಹಾಕಿ ಸೈಡಿಗೆ ತಿರುಗಿಸಿದ್ರಾಯ್ತಲ್ವಾ" ಅಂದ್ರು. ಬ್ರೋಕರ್ ಆಗತ್ತೆ ಆಗತ್ತೆ ಅಂತ ತಲೆ ಅಲ್ಲಾಡಿಸಿದ. ಅವನ ಕಮಿಷನ್ ಅವನಿಗೆ.

ನಾನು ಆ ಊರಿನ ಕಾಲುವೆ ನೀರು ನೋಡ್ಕೊಳ್ಳೋ ಪೆಕಾಸೆಯವರನ್ನ ಕರೆಸಿದೆ. ಎಪ್ಪತ್ತು ದಾಟಿದ ಯಜಮಾನರು, ಕುಡುಗೋಲು ಸೊಂಟಕ್ಕೆ ಸಿಕ್ಕಿಸ್ಕೊಂಡೇ ಬಂದ್ರು. ಪೈಪ್ ವಿಷಯ ಹೇಳಿದೆ. ಅವ್ರು ಬೇಡ ಅನ್ನಲಿಲ್ಲ, ಕೋಪಾನೂ ಮಾಡ್ಕೊಳ್ಲಿಲ್ಲ, ಕೆಳಗಡೆ ಕೈ ತೋರಿಸಿ ಗದ್ದೆ ಗದ್ದೆ ಎಣಿಸ್ತಾ ಒಂದೊಂದಕ್ಕೂ ಮಾಲೀಕರ ಹೆಸರು ಹೇಳಿದ್ರು. ಹನ್ನೊಂದು ಹೆಸರು. ಆಮೇಲೆ, "ಪಾಕ್, ಪೈಪ್ ಹಾಕ್ಬೋದು, ಆದ್ರೆ ಈ ಹನ್ನೊಂದು ಜನ ಸಭೇಲಿ ಕೂತು ಒಪ್ಪಬೇಕು, ಸಭೆ ದೇವಸ್ಥಾನದಲ್ಲಿ" ಅಂದ್ರು. ಪಾಕ್ ಅಂದ್ರೆ ಇಲ್ಲಿ ಅಪ್ಪ, ಯಜಮಾನ್ರೇ ಅನ್ನೋ ಹಾಗೆ, ವಯಸ್ಸಲ್ಲಿ ಚಿಕ್ಕೋರಿಗೂ ಮರ್ಯಾದೆಗೆ ಹಾಗೇ ಕರೀತಾರೆ.

ಪೆಕಾಸೆ ಅಂದ್ರೆ ನೀರಿನ ಯಜಮಾನ. ನಮ್ಮ ಕೆರೆ ಊರುಗಳ ನೀರಗಂಟಿ ನೆನಪಾಗತ್ತೆ, ಆದ್ರೆ ನೀರಗಂಟಿ ಊರಿಗೆ ದುಡಿಯೋ ಆಳು, ಪೆಕಾಸೆ ರೈತರೇ ಆರಿಸಿದ ಮುಖಂಡ. ಒಂದು ಕಾಲುವೆ ನೀರು ಕುಡಿಯೋ ಗದ್ದೆಯವರೆಲ್ಲ ಸೇರಿದ್ರೆ ಅದು ಒಂದು ಸುಬಾಕ್. ಇದಕ್ಕೂ ಊರಿಗೂ ಸಂಬಂಧ ಇರ್ಲೇಬೇಕು ಅಂತಿಲ್ಲ, ನೀವು ಮನೆ ಮಾಡ್ಕೊಂಡಿರೋ ಕೇರಿಯ ಸಂಘಕ್ಕೆ ಬಂಜಾರ್ ಅಂತಾರೆ, ಸುಬಾಕ್ ಮಾತ್ರ ಗದ್ದೆ ಎಲ್ಲಿದೆ ಅನ್ನೋದರ ಮೇಲೆ, ಎರಡು ಕಡೆ ಗದ್ದೆ ಇದ್ರೆ ಎರಡು ಸುಬಾಕಿಗೂ ಸದಸ್ಯ. ನೀರು ಹಂಚೋಕೆ ಮರದ ದಿಮ್ಮೀಲಿ ಕಚ್ಚು ಕೊರೆದು ಕಾಲುವೆಗೆ ಅಡ್ಡ ಇಟ್ಟಿರ್ತಾರೆ, ತೆಂಬುಕು ಅಂತ ಹೆಸರು. ಯಾರಿಗೆ ಎಷ್ಟು ಅಗಲದ ಕಚ್ಚು ಅನ್ನೋದು ಅಜ್ಜನ ಕಾಲದ ಲೆಕ್ಕ. ಮೀಟರ್ ಇಲ್ಲ, ಮೋಟರ್ ಇಲ್ಲ. ಯಾವಾಗ ನೀರು, ಯಾವಾಗ ನಾಟಿ ಅನ್ನೋದು ದೇವಸ್ಥಾನದ ಕ್ಯಾಲೆಂಡರ್ ಪ್ರಕಾರ.

ಇದು ಬರೀ ಪೂಜೆ ಪುನಸ್ಕಾರ ಅಂತ ಸರ್ಕಾರಾನೂ ಒಂದು ಕಾಲದಲ್ಲಿ ಅಂದ್ಕೊಂಡಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದಾಗ ದೇವಸ್ಥಾನದ ಕ್ಯಾಲೆಂಡರ್ ಬಿಡಿ, ಹೊಸ ತಳಿ ಹಾಕಿ, ಎಷ್ಟು ಸಲ ಆಗತ್ತೋ ಅಷ್ಟು ಸಲ ಬೆಳೀರಿ ಅಂದ್ರು. ಒಬ್ಬ ನಾಟಿ ಮಾಡುವಾಗ ಪಕ್ಕದೋನದ್ದು ತೆನೆ, ಅವನದ್ದು ಕೊಯ್ಲು ಆಗೋ ಹೊತ್ತಿಗೆ ಇವನದ್ದು ಹಾಲು ತುಂಬಿರತ್ತೆ, ಹುಳಕ್ಕೆ, ಇಲಿಗೆ ವರ್ಷವಿಡೀ ಊಟ ಅಲ್ವಾ. ನೀರೂ ಸಾಲಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ಇದರ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ್ರು, ಕಂಪ್ಯೂಟರ್ ಮಾಡೆಲ್ ಮಾಡಿ ನೋಡಿದ್ರೆ ದೇವಸ್ಥಾನದ ಲೆಕ್ಕದಲ್ಲೇ ಒಳ್ಳೆ ಇಳುವರಿ ಬರೋದು ಅಂತ ಕಾಣ್ತು. ಎಲ್ರೂ ಒಟ್ಟಿಗೆ ನೆಟ್ಟು, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ರೆ ಹುಳ ಉಪವಾಸ ಬೀಳತ್ತೆ, ಅಷ್ಟೇ ವಿಷಯ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಈ ಸುಬಾಕ್ ಪದ್ಧತಿ ಇರೋ ಪ್ರದೇಶವನ್ನ, ನಮ್ಮೋರು ಇನ್‌ಸ್ಟಾಗ್ರಾಮಲ್ಲಿ ಹಾಕೋ ಮೆಟ್ಟಿಲಿನ ಫೋಟೋನ ಅಲ್ಲ.

ನಾನು ಬೆಲೆ ಕಟ್ಟುವಾಗ ಮೊದಲು ನೋಡೋದೂ ಇದನ್ನೇ. ನಿಮ್ಮ ಎಂಟು ಗುಂಟೆ ಬೆಲೆ ನಿಮ್ಮ ಎಂಟು ಗುಂಟೇಲಿ ಇಲ್ಲ ಸ್ವಾಮಿ, ಎದುರಿಗಿರೋ ನೂರಾರು ಗುಂಟೆ ಗದ್ದೇಲಿ ಇದೆ, ಅದು ನಿಮ್ಮದಲ್ಲ, ಅದರಲ್ಲಿ ಬಗ್ಗಿ ದುಡಿಯೋನು ನಿಮ್ಮ ಆಳೂ ಅಲ್ಲ. ಮೇಲಿನ ಒಂದು ಗದ್ದೆ ಕಟ್ಟಡ ಆದ್ರೆ ಕೆಳಗಿನೋನಿಗೆ ನೀರು ಕಮ್ಮಿ, ಬಚ್ಚಲ ನೀರು ಬೇರೆ ಸೇರ್ಕೊಳ್ಳತ್ತೆ, ಕಾಂಪೌಂಡ್ ನೆರಳಿಗೆ ಭತ್ತ ಏಳಲ್ಲ. ಸುತ್ತಮುತ್ತ ಜಾಗದ ರೇಟು ಏರಿದ ಹಾಗೆ ಸರ್ಕಾರಿ ಮೌಲ್ಯ ಏರತ್ತೆ, ಜೊತೆಗೆ ಭೂ ತೆರಿಗೆನೂ, ಭತ್ತದ ದುಡ್ಡಲ್ಲಿ ಅದನ್ನ ಕಟ್ಟೋದು ಹ್ಯಾಗೆ? ಅವನೂ ಮಾರ್ತಾನೆ. ನಾಲ್ಕು ವರ್ಷ ಬಿಟ್ಟು ನಿಮ್ಮ ಗದ್ದೆ ನೋಟದ ವಿಲ್ಲಾದಿಂದ ಇನ್ನೊಬ್ಬನ ಗದ್ದೆ ನೋಟದ ವಿಲ್ಲಾದ ಹಿಂದಿನ ಗೋಡೆ ಕಾಣತ್ತೆ. ಚಾಂಗು ಕಡೆ ಹೋಗಿ ನೋಡಿ, ಅಲ್ಲಿ ಆಗಿದ್ದು ಅದೇ.

ಈಗ ಕಾಗದಕ್ಕೆ ಬರ್ತೀನಿ. ಇಂಡೋನೇಷ್ಯಾದ ಭೂ ಕಾನೂನಿಗೆ ತಾಯಿಬೇರು 1960ರ 5ನೇ ಕಾಯ್ದೆ. ಪೂರ್ತಿ ಮಾಲೀಕತ್ವಕ್ಕೆ ಹಕ್ ಮಿಲಿಕ್ ಅಂತಾರೆ, ನಮ್ಮ ಹಕ್ಕು, ಮಾಲೀಕ ಅನ್ನೋ ಪದಗಳು ಬಂದ ಅರಬ್ಬಿ ಬೇರಿಂದಲೇ ಬಂದಿದ್ದು. ಆ ಹಕ್ಕು ಇರೋದು ಇಂಡೋನೇಷ್ಯಾ ಪ್ರಜೆಗೆ ಮಾತ್ರ, ವಿದೇಶೀಯರಿಗೆ ಇಲ್ಲ, ಮುಗೀತು. "ಲೋಕಲ್ ಹುಡುಗನ ಹೆಸರಲ್ಲಿ ತಗೊಂಡು ಹಿಂದೆ ಒಂದು ಅಗ್ರಿಮೆಂಟ್ ಮಾಡ್ಕೊಳ್ಳೋಣ" ಅಂತ ಬ್ರೋಕರ್ ಹೇಳೇ ಹೇಳ್ತಾನೆ, ನಮ್ಮೂರಲ್ಲಿ ಬೇನಾಮಿ ಅಂತೀವಲ್ಲ ಅದೇ. ಅದೇ ಕಾಯ್ದೆಯ 26ನೇ ಕಲಮಿನ ಪ್ರಕಾರ ಅಂಥ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡನ್ನ ವಾಪಸ್ ಕೇಳೋ ಹಾಗೂ ಇಲ್ಲ. ಆದ್ರೂ ಮಾಡ್ತಾರೆ.

ವಿದೇಶೀಯರಿಗೆ ಉಳಿಯೋದು ಮೂರು ದಾರಿ. ವಾಸದ ಪರವಾನಗಿ ಇದ್ರೆ ಹಕ್ ಪಾಕಾಯ್, ಬಳಕೆಯ ಹಕ್ಕು, 30 ವರ್ಷ, ಆಮೇಲೆ 20, ಆಮೇಲೆ ಇನ್ನೊಂದು 30. ಇದಕ್ಕೆ ಮನೆಯ ಕನಿಷ್ಠ ಬೆಲೆ ಇಷ್ಟಿರಬೇಕು ಅಂತ ಸರ್ಕಾರ ಗೊತ್ತುಮಾಡಿದೆ, ಹಳ್ಳಿ ಕಡೆ ಸಣ್ಣ ಮನೆಗೆ ಅದು ಹೊಂದಲ್ಲ. ಇಲ್ಲಾಂದ್ರೆ ವಿದೇಶಿ ಬಂಡವಾಳದ ಕಂಪನಿ ಮಾಡಿ ಕಟ್ಟಡದ ಹಕ್ಕು ತಗೋಬೇಕು, ಅದಕ್ಕೆ ಜಾಗ, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಕ್ಕಿಂತ ಜಾಸ್ತಿ ಹೂಡಿಕೆ ಯೋಜನೆ ತೋರಿಸ್ಬೇಕು. ಉಳಿದಿದ್ದು ಗುತ್ತಿಗೆ, 25 ಅಥವಾ 30 ವರ್ಷಕ್ಕೆ, ಸಾಮಾನ್ಯವಾಗಿ ಅಷ್ಟೂ ದುಡ್ಡು ಮುಂಗಡ. ಬಹುಪಾಲು ಜನ ಮಾಡೋದು ಇದನ್ನೇ. ಇದರಲ್ಲಿ ನಾನು ಕಣ್ಣಿಟ್ಟು ಓದೋದು ಮುಂದುವರಿಸೋ ಷರತ್ತನ್ನ, "ಆಗಿನ ಮಾರುಕಟ್ಟೆ ದರದಲ್ಲಿ" ಅಂತ ಇದ್ರೆ ಅದು ಷರತ್ತೇ ಅಲ್ಲ, ಬರೀ ಆಸೆ. ಊರಿಂದ ದುಡ್ಡು ಕಳಿಸೋರಿಗೆ ನಮ್ಮ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಮಿತಿ, ವರ್ಷಕ್ಕೆ ತಲೆಗೆ 2.5 ಲಕ್ಷ ಡಾಲರ್, ಅದೂ ಇದೆ, ಐಟಿ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸೋದೂ ಇದೆ, ಇವನ್ನ ನಿಮ್ಮ ಆಡಿಟರ್ ಹತ್ರ ಕೇಳ್ಕೊಳ್ಳಿ.

ಇದೆಲ್ಲ ಸರಿ ಇದ್ರೂ ಸರ್ಕಾರದ ವಲಯ ನಕ್ಷೇಲಿ ಜಾಗದ ಬಣ್ಣ ಯಾವುದು ಅಂತ ನೋಡ್ಬೇಕು. ಹಸಿರು ಬಣ್ಣ ಅಂದ್ರೆ ಕೃಷಿ, ಅಲ್ಲಿ ವಿಲ್ಲಾ ಇಲ್ಲ. ಪಕ್ಕದಲ್ಲಿ ಆಗ್ಲೇ ಕಟ್ಟಿದಾರಲ್ಲ ಅನ್ನೋದು ವಾದ ಅಲ್ಲ, ಪಕ್ಕದೋನೂ ಕಳ್ಳನೇ ಇರ್ಬೋದು. ನಂದೂ ಒಂದು ತಪ್ಪು ಹೇಳ್ಬಿಡ್ತೀನಿ. ಬಂದ ಹೊಸದರಲ್ಲಿ ಒಂದು ಜಾಗಕ್ಕೆ ಸರ್ಟಿಫಿಕೇಟು, ಬಣ್ಣ, ಗಡಿ ಎಲ್ಲ ನೋಡಿ ಸೈ ಅಂದೆ. ಒಳಗೆ ಹೋಗೋ ದಾರೀಲಿ ಮೂರು ಮೀಟರ್ ದೇವಸ್ಥಾನದ ಜಮೀನು ಅಂತ ಕೇಳೋಕೆ ಹೋಗಲಿಲ್ಲ. ಲಾಬಾ ಪುರಾ ಅಂತಾರೆ, ನಮ್ಮ ದೇವರ ಇನಾಮಿನ ಹಾಗೆ, ಅದನ್ನ ಮಾರೋ ಹಾಗಿಲ್ಲ. ಜಲ್ಲಿ ಲಾರಿ ಬಂದ ದಿನ ಊರೋರು ಬಂದು ನಿಂತ್ರು. ಬೈಗುಳ ಇಲ್ಲ, ಸುಮ್ನೆ ನಿಂತ್ರು. ಆರು ತಿಂಗಳು ಕೆಲಸ ನಿಂತೋಯ್ತು, ಆ ಆರು ತಿಂಗಳ ಫೀಸು ನಾನು ವಾಪಸ್ ಕೊಟ್ಟೆ.

ಇನ್ನೊಂದು ಕಾನೂನು ನನಗೆ ಸ್ವಲ್ಪ ಚುಚ್ಚತ್ತೆ. ಕೃಷಿ ಜಮೀನಿನ ಮಾಲೀಕ ಅದೇ ತಾಲೂಕಲ್ಲಿ ವಾಸ ಇರ್ಬೇಕು ಅಂತ 1961ರಿಂದ ಇಲ್ಲಿ ನಿಯಮ ಇದೆ, ದೂರದಲ್ಲಿ ಕೂತು ಗದ್ದೆ ಇಟ್ಕೊಳ್ಳೋ ಹಾಗಿಲ್ಲ. ಪಾಲನೆ ಎಷ್ಟಾಗತ್ತೆ ಅನ್ನೋದು ಬೇರೆ ಮಾತು. ಒಂದ್ಸಲ ಪೆಕಾಸೆಯವರು ಕಾಫಿ ಕುಡೀತಾ, ನಿಮ್ಮ ಗದ್ದೆ ಯಾರು ಮಾಡ್ತಾರೆ ಅಂತ ಕೇಳಿದ್ರು. ಪಕ್ಕದ ಮನೆಯೋರು ಅಂದೆ. ಓ ಅಂದ್ರು, ಅಷ್ಟೇ.

ಹಳ್ಳಿ ಬದುಕು ಅಂದ್ರೆ ಶಾಂತಿ ಅಂದ್ಕೊಂಡು ಬರೋರಿಗೆ ಒಂದು ಮಾತು. ಬೆಳಗ್ಗೆ ನಾಲ್ಕಕ್ಕೆ ಕೋಳಿ, ಸಂಜೆ ಬಂಜಾರ್ ಮಂಟಪದಲ್ಲಿ ಗಾಮೆಲಾನ್ ವಾದ್ಯಮೇಳದ ಪ್ರಾಕ್ಟೀಸು, ಸಾವಾದ್ರೆ ಟೊಳ್ಳು ಮರದ ಕುಲ್ಕುಲ್ ಬಡೀತಾರೆ, ಎಲ್ರೂ ಕೆಲಸ ಬಿಟ್ಟು ಹೋಗ್ಲೇಬೇಕು. 210 ದಿನಕ್ಕೊಂದು ವರ್ಷ ಅನ್ನೋ ಪಂಚಾಂಗ ಬೇರೆ, ಹಬ್ಬಗಳು ತಿರುಗಿ ತಿರುಗಿ ಬರ್ತಾನೇ ಇರ್ತವೆ. ದೇವಸ್ಥಾನಕ್ಕೆ ಬಿಟ್ಟಿ ಸೇವೆ ಮಾಡೋದಕ್ಕೆ ಙಾಯಾಹ್ ಅಂತಾರೆ, ಹೋಟೆಲಲ್ಲಿ ಕೆಲಸ ಮಾಡೋ ಹುಡುಗನೂ ರಜ ಹಾಕಿ ಸ್ಕೂಟರಲ್ಲಿ ಊರಿಗೆ ಬರ್ತಾನೆ, ಬರದಿದ್ರೆ ದಂಡ, ದಂಡಕ್ಕಿಂತ ಜನರ ಮಾತು ಜೋರು. ನಿಮ್ಮ ವಿಲ್ಲಾಗೆ ನಾಲ್ಕು ಜನ ಕೆಲಸಕ್ಕೆ ಇಟ್ಕೊಂಡ್ರೆ ವರ್ಷದಲ್ಲಿ ಎಷ್ಟು ದಿನ ಬರ್ತಾರೆ ಅಂತ ಮೊದಲೇ ಲೆಕ್ಕ ಹಾಕಿ. ನ್ಯೆಪಿ ಅನ್ನೋ ಮೌನದ ಹಬ್ಬದ ದಿನವಂತೂ ದೀಪ ಇಲ್ಲ, ರಸ್ತೇಲಿ ಓಡಾಟ ಇಲ್ಲ, ವಿಮಾನ ನಿಲ್ದಾಣನೂ ಬಂದ್.

ಇನ್ನು ಟೂರಿಸಂ ಭವಿಷ್ಯ. ಬಾಲಿಗೆ 2024ರಲ್ಲಿ 60 ಲಕ್ಷಕ್ಕಿಂತ ಜಾಸ್ತಿ ವಿದೇಶಿ ಪ್ರವಾಸಿಗರು ಬಂದ್ರು, ಆಸ್ಟ್ರೇಲಿಯಾ ಬಿಟ್ರೆ ಭಾರತದವರೇ ಹೆಚ್ಚು. ಜಾತಿಲುವಿಹ್‌ಗೆ ಅದೇ ವರ್ಷ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಪ್ರವಾಸಿ ಹಳ್ಳಿ ಪಟ್ಟೀಲಿ ಜಾಗ ಸಿಕ್ತು. ಆದ್ರೆ ಅಲ್ಲಿ ಬರೋ ಜನ ಹತ್ತು ಗಂಟೆಗೆ ಕಾರಿಳಿದು, ಏರಿ ಮೇಲೆ ಒಂದು ರೌಂಡು ನಡೆದು, ಫೋಟೋ ತಗೊಂಡು, ಪಾರ್ಕಿಂಗ್ ಪಕ್ಕದ ರೆಸ್ಟೋರೆಂಟಲ್ಲಿ ಉಂಡು ಮೂರು ಗಂಟೆಗೆ ಜಾಗ ಖಾಲಿ ಮಾಡ್ತಾರೆ. ಊಟದ ದುಡ್ಡು ರೆಸ್ಟೋರೆಂಟಿಗೆ, ಕಮಿಷನ್ ಡ್ರೈವರಿಗೆ, ಏರಿ ಕಟ್ಟಿದೋನಿಗೆ ಏರಿ ತುಳಿದು ಹಾಳಾಗಿದ್ದಷ್ಟೇ. ಹಾಗಾಗಿ ಅವನೂ ಗದ್ದೇಲೇ ಒಂದು ಕಾಫಿ ಅಂಗಡಿ ಹಾಕೋಣ ಅಂದ್ರೆ ಅವನನ್ನ ಬೈಯೋಕೆ ನನಗಂತೂ ಬಾಯಿ ಬರಲ್ಲ, ಅದು ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ರೂ.

ದಾರಿನೇ ಇಲ್ಲ ಅಂತಲ್ಲ. ಜಾವಾದಲ್ಲಿ ಯೋಗ್ಯಕರ್ತ ಹತ್ರದ ಙ್ಲಾಂಗ್ಗೆರಾನ್ ಹಳ್ಳಿಯೋರು ಜನ ಜಾಸ್ತಿಯಾದಾಗ ಟಿಕೆಟ್ ರೇಟ್ ಏರಿಸಿದ್ರು, ಜನ ಕಮ್ಮಿಯಾದ್ರು, ಆದಾಯ ಕಮ್ಮಿಯಾಗ್ಲಿಲ್ಲ. ಬಂದೋರು ಊರೋರ ಮನೇಲೇ ಉಳೀತಾರೆ, ಅವ್ರು ಬೆಳೆದ ಕೋಕೋದಿಂದ ಮಾಡಿದ ಚಾಕೊಲೇಟ್ ಕೊಳ್ತಾರೆ. ಕ್ಲಾಟೆನ್ ಜಿಲ್ಲೆಯ ಪೊಂಗೊಕ್‌ನಲ್ಲಿ ಊರ ಬುಗ್ಗೆ ನೀರಿನ ಕೊಳವನ್ನ ಹಳ್ಳಿಯ ಸ್ವಂತ ಕಂಪನಿ ನಡೆಸತ್ತೆ, ನೀರೊಳಗೆ ಬೈಕ್ ಇಟ್ಟು ಅದರ ಮೇಲೆ ಕೂತು ಫೋಟೋ ತೆಗೆಸ್ಕೊಳ್ಳೋಕೆ ಕ್ಯೂ ಇರತ್ತೆ, ನಂಗದು ಹುಚ್ಚಾಟ ಅನ್ಸತ್ತೆ, ಆದ್ರೆ ದುಡ್ಡು ಊರಲ್ಲೇ ಉಳಿಯತ್ತಲ್ಲ. ಎರಡೂ ಕಡೆ ಜಾಗ ಊರೋರ ಕೈ ಬಿಟ್ಟಿಲ್ಲ, ಗಮನಿಸಿ.

ಟೋಲ್ ರಸ್ತೆ ಬರತ್ತೆ, ಉತ್ತರದಲ್ಲಿ ಹೊಸ ಏರ್‌ಪೋರ್ಟ್ ಬರತ್ತೆ, ರೇಟ್ ಡಬಲ್ ಅಂತ ಬ್ರೋಕರ್ ಹೇಳೋದನ್ನ ನಾನು ಬೆಲೇಲಿ ಸೇರಿಸೋದೇ ಇಲ್ಲ. ಗಿಲಿಮಾನುಕ್‌ನಿಂದ ಮೆಂಗ್ವಿಗೆ ಟೋಲ್ ರಸ್ತೆ ಅಂತ 2022ರಲ್ಲಿ ಭೂಮಿಪೂಜೆ ಆಯ್ತು, ಆಮೇಲೆ ನೆನೆಗುದಿಗೆ ಬಿತ್ತು. ಗುರುತು ಹಾಕಿದ ಜಮೀನಿನೋರಿಗೆ ಮಾರೋಕೂ ಆಗ್ದೆ, ಸಾಲಕ್ಕೆ ಅಡ ಇಡೋಕೂ ಆಗ್ದೆ ಒದ್ದಾಟ. ಕೋವಿಡ್ ನೆನಪಿರ್ಲಿ, 2020ರಲ್ಲಿ ಬಾಲಿಯ ಆರ್ಥಿಕತೆ ಶೇ 9ಕ್ಕಿಂತ ಜಾಸ್ತಿ ಕುಸೀತು. ಹೋಟೆಲ್ ಹುಡುಗರು ಊರಿಗೆ ವಾಪಸ್ ಬಂದು ಗದ್ದೆಗಿಳಿದ್ರು. ಗದ್ದೆ ಇದ್ದೋರು ಇಳಿದ್ರು.

ಹಾಗಾದ್ರೆ ಏನ್ ಮಾಡೋದು ಸಾರ್ ಅಂದ್ರೆ, ಗದ್ದೆ ಮುಟ್ಬೇಡಿ ಅಂತೀನಿ. ಊರೊಳಗೆ, ವಾಸದ ಹಳದಿ ಬಣ್ಣದಲ್ಲಿರೋ ಹಳೇ ಮನೆ ಅಂಗಳ ನೋಡಿ, ಒಂದೆರಡು ಕೋಣೆ ರಿಪೇರಿಗೆ ದುಡ್ಡು ಹಾಕಿ, ಹೋಂಸ್ಟೇ ಲೈಸೆನ್ಸ್ ಮನೆಯೋರ ಹೆಸರಲ್ಲೇ ಇರ್ಬೇಕು, ಇಲ್ಲಿ ಅದು ಸ್ಥಳೀಯರಿಗೇ ಮೀಸಲು. ಹತ್ತು ವರ್ಷದ ಒಪ್ಪಂದ ಸಾಕು. ಎದುರಿನ ಗದ್ದೆಯೋನ ಕೆಂಪಕ್ಕಿಯನ್ನ ಒಳ್ಳೆ ರೇಟಿಗೆ ಕೊಂಡು ನಿಮ್ಮ ಅತಿಥಿಗಳಿಗೆ ಬಡಿಸಿ, ಆ ದುಡ್ಡು ನೋಟಕ್ಕೆ ಕೊಡೋ ಬಾಡಿಗೆ ಅಂದ್ಕೊಳ್ಳಿ. ಲಾಭ ಕಮ್ಮಿ. ನಿದ್ದೆ ಬರತ್ತೆ.

ಆ ಸಾಫ್ಟ್‌ವೇರಿನೋರು ಕೇಳಿ ಸುಮ್ನಾದ್ರು, ಬೆಂಗಳೂರಿಗೆ ಹೋದ್ರು, ಮತ್ತೆ ಫೋನ್ ಮಾಡ್ಲಿಲ್ಲ. ಎಂಟು ಆರೆ ಜಾಗವನ್ನ ಬೇರೆ ಯಾರೋ ತಗೊಂಡ್ರು, ಯಾವ ದೇಶದೋರು ಅಂತ ನಾನು ಕೇಳಿಲ್ಲ. ಹೋದ ತಿಂಗಳು ಆ ದಾರೀಲಿ ಹೋದಾಗ ಗಾಡಿ ನಿಲ್ಲಿಸಿ ನೋಡಿದೆ. ಪಾಯದಿಂದ ಎದ್ದ ಕಬ್ಬಿಣದ ಸರಳುಗಳು ತುಕ್ಕು ಹಿಡಿದಿವೆ, ಅಧಿಕಾರಿಗಳು ಸುತ್ತಿದ ಹಳದಿ ಟೇಪು ಹರಿದು ಗಾಳಿಗೆ ಹಾರ್ತಿದೆ. ಕಾಲುವೆಯನ್ನ ಪೆಕಾಸೆಯವರು ಊರೋರ ಜೊತೆ ಸೇರಿ ಮೇಲಿಂದಲೇ ಸುತ್ತು ಹಾಕಿಸಿ ತಂದಿದಾರೆ, ಆದ್ರೂ ಕೊನೆಯ ಎರಡು ಗದ್ದೆಗೆ ನೀರು ಮುಟ್ತಿಲ್ಲ, ಅಲ್ಲಿ ಈ ಸಲ ಭತ್ತ ಇಲ್ಲ, ಹುರುಳಿಕಾಯಿ ಬಳ್ಳಿ ಹಬ್ಬಿಸಿದಾರೆ. ರಸ್ತೆ ಅಂಚಲ್ಲಿ ಬೋರ್ಡು. ದಿಕೊಂತ್ರಾಕ್ಕಾನ್, ಅಂದ್ರೆ ಗುತ್ತಿಗೆಗೆ ಇದೆ. ಕೆಳಗೆ ಅದೇ ಬ್ರೋಕರ್ ನಂಬರು.